ಖಾಜಾಸಾಬ್ ಕಾಕಾರ ಉಪ್ಪುನೀರು

ಬೆನ್ನ ಹಿಂದೆ ನೂರಾರು ಮೀನು ಈಜುತ್ತಿದ್ದರೂ ಎದುರಿಗೆ ನಿಂತ ಗಿರಾಕಿಗೆ "ಮೀನ ಇಲ್ರಿ" ಎನ್ನುವ ಅಂಗಡಿಕಾರರನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡ್ ಹಿಂದೆ, ಒಬ್ಬ ಟೇಲರನ ಅಂಗಡಿಗೂ ಒಂದು ಸೈಕಲ್ ಅಂಗಡಿಗೂ ನಡುವೆ, ಹತ್ತು ಅಡಿ ಅಗಲದ ಜಾಗದಲ್ಲಿ ಅವರು ಕೂರುತ್ತಿದ್ದರು. ಹೆಸರು ಖಾಜಾಸಾಬ್. ಓಣಿಗೆಲ್ಲ ಕಾಕಾ.

ನಾನು ಮೊದಲ ಸಲ ಹೋದ ದಿನ ಒಬ್ಬಾತ ಬೈಕಿನ ಮೇಲೆ ಹೊಸ ಗಾಜಿನ ಟ್ಯಾಂಕು ಇಟ್ಟುಕೊಂಡು ಬಂದು ಜಗಳಕ್ಕೇ ನಿಂತಿದ್ದ.

"ಹಿಂದ ಅದಾವಲ್ರಿ, ಅವೇನು?"

"ಅವು ಮೀನ. ನಿಮಗ ಕೊಡೂ ಮೀನ ಇಲ್ಲ."

"ಯಾಕ, ನಮ್ಮ ರೊಕ್ಕ ರೊಕ್ಕ ಅಲ್ಲೇನು?"

"ರೊಕ್ಕ ಐತಿ, ನೀರ ಎಲ್ಲೈತಿ? ಇವತ್ತ ಟ್ಯಾಂಕ್ ಒಯ್ತೀರಿ, ಇವತ್ತ ನಳದ ನೀರ ಹಾಕ್ತೀರಿ, ಇವತ್ತ ಮೀನ ಬಿಡ್ತೀರಿ. ನಾಡದ ಬಂದು 'ಸಾಬ ಸಾಯೂ ಮೀನ ಕೊಟ್ಟಾನ' ಅಂತ ಓಣಿಗೆಲ್ಲ ಕೇಳೂಹಂಗ ಒದರ್ತೀರಿ. ಹೋಗ್ರಿ, ನೀರ ತುಂಬಸಿ ಹದಿನೈದ ದಿನಾ ಸುಮ್ಮಕ ಬಿಡ್ರಿ. ಆಮ್ಯಾಲ ಒಂದ ಬಾಟ್ಲಿ ಆ ನೀರ ತಗೊಂಡ ಬರ್ರಿ, ನೋಡೂನು."

ಆತ ಬೈದುಕೊಂಡು ಹೋದ. ಕಾಕಾ ಹಿಂದಕ್ಕೆ ತಿರುಗಿ ಗಾಜಿಗೆ ಮೂಗು ಹಚ್ಚಿ, "ಹೆದರಬ್ಯಾಡ್ರಿ, ಕಳಿಸ್ಲಿಲ್ಲ" ಎಂದರು. ಮೀನುಗಳಿಗೆ. ಮೀನುಗಳಿಗೂ ಅವರು 'ರೀ' ಹಚ್ಚಿಯೇ ಮಾತಾಡುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ.

ಸಣಕಲು ದೇಹ, ಬಿಳಿ ಟೋಪಿ, ಬಾಟಲಿಯ ತಳದಂಥ ಚಷ್ಮಾ. ಅಂಗಿಯ ತೋಳು ಯಾವಾಗಲೂ ಮೊಣಕೈ ಮೇಲೆ. ಕೈಬೆರಳುಗಳ ತುದಿ ಬಟ್ಟೆ ಒಗೆದು ಎದ್ದವರ ಬೆರಳಿನ ಹಾಗೆ ಸದಾ ಸುಕ್ಕು. ಮೀನಿನ ಅಂಗಡಿಗೆ ಮುಂಚೆ ಅವರು ಮೂವತ್ತು ವರ್ಷ ಬೀಜದ ಕಂಪನಿಯೊಂದರಲ್ಲಿ ಮೊಳಕೆ ಎಣಿಸುವ ಕೆಲಸ ಮಾಡಿದವರು. ನೂರು ಬೀಜವನ್ನು ಒದ್ದೆ ಕಾಗದದಲ್ಲಿ ಸಾಲಾಗಿ ಇಟ್ಟು, ಸುತ್ತಿ, ಇಷ್ಟು ದಿನಕ್ಕೆ ಬಿಚ್ಚಿ, ಎಷ್ಟು ಮೊಳೆತವು ಎಂದು ಬರೆದುಕೊಡುವುದು. ಆ ಕೆಲಸ ಅವರ ಮೈಗೆ ಹತ್ತಿಬಿಟ್ಟಿತ್ತು. "ಸಾಹೇಬ್ರು ಬಂದು ನಿಂತು, 'ಇನ್ನೊಂದ ಮೂರ ಬೀಜ ಮೊಳಕಿ ಒಡೀತಿದ್ವೇನೋ, ಕೂಡ್ಸಿ ಬರಿಯೋ' ಅಂದ್ರ, 'ಅವು ಒಡದ ಮ್ಯಾಲ ಬರಿತೇನ್ರಿ' ಅಂತಿದ್ದೆ" ಎಂದು ಹೇಳಿ ತಾವೇ ನಗುತ್ತಿದ್ದರು. ಭಡ್ತಿ ಯಾಕೆ ಸಿಗಲಿಲ್ಲ ಅಂತ ನಾನು ಕೇಳಲಿಲ್ಲ.

ಈಗ ನನ್ನ ಕಸುಬನ್ನೂ ಹೇಳಿಬಿಡುತ್ತೇನೆ. ಹಾವೇರಿಯಲ್ಲಿ ನನ್ನದು ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ಜಂಪರಿನ ಬಟ್ಟೆ, ಲೈನಿಂಗ್, ಫಾಲು ಮಾರುವುದು. ಇಪ್ಪತ್ತೆರಡು ವರ್ಷದಿಂದ ಹೊಟ್ಟೆ ತುಂಬಿಸಿದ್ದು ನನ್ನ ಕಣ್ಣು. ನೀವು ಹಳದಿ ಅಂದರೆ ನನಗೆ ನಿಂಬೆ ಹಳದಿಯೋ, ಅರಿಶಿನವೋ, ಸಾಸಿವೆಯೋ, ಬಾಳೆಹಣ್ಣಿನದೋ ಹೇಳಬೇಕು. ಸೀರೆ ಮನೆಯಲ್ಲಿ ಬಿಟ್ಟು ಬಂದು "ಒಂಥರಾ ಹಸರ ಐತ್ರಿ" ಎನ್ನುವ ಹೆಂಗಸಿಗೂ ನಾಲ್ಕು ಪ್ರಶ್ನೆ ಕೇಳಿ ಸರಿಯಾದ ಬಟ್ಟೆ ಕೊಟ್ಟು ಕಳಿಸಿದವಳು ನಾನು. ಜಂಬ ಎಂದುಕೊಂಡರೆ ಎಂದುಕೊಳ್ಳಿ.

ಮೂರು ವರ್ಷದ ಹಿಂದೆ ಬ್ಯಾಡಗಿಯಲ್ಲಿ ಎರಡನೆಯ ಅಂಗಡಿ ತೆಗೆಯುವ ಹುಕಿ ಬಂತು. ಅಲ್ಲಿ ಸೀರೆಯನ್ನೂ ಇಡುವುದು ಅಂತ. ಮೆಣಸಿನಕಾಯಿ ಸುಗ್ಗಿಯಲ್ಲಿ ಹಳ್ಳಿಗಳಿಂದ ಹೆಂಗಸರು ಬಂದು ಸೀರೆ ಮುಂದೆ ಕೂತರೆ ಎರಡು ತಾಸು ಏಳುವುದಿಲ್ಲ. ಅವರ ಮಕ್ಕಳು ಅತ್ತು ಅತ್ತು ಎಬ್ಬಿಸಿಕೊಂಡು ಹೋಗುತ್ತವೆ. ಮಕ್ಕಳನ್ನು ಕೂರಿಸಲು ಒಂದು ಮೀನಿನ ಟ್ಯಾಂಕು ಬೇಕೆನಿಸಿತು. ಎಲ್ಲರ ಬಳಿ ಇರುವ ಗೋಲ್ಡ್ ಫಿಶ್ ನನಗೆ ಬೇಡ. ಮೊಬೈಲಿನಲ್ಲಿ ನೋಡಿದ್ದೆ, ಕಿತ್ತಳೆ ಮೈ, ಬಿಳಿ ಪಟ್ಟಿ, ಪಟ್ಟಿಯ ಅಂಚಿಗೆ ಕಾಡಿಗೆ ಎಳೆದಂತೆ ಕಪ್ಪು. ಆ ವಿಡಿಯೋವನ್ನು ಕಾಕಾರ ಮುಂದೆ ಹಿಡಿದೆ.

ಅವರು ಫೋನನ್ನು ಚಷ್ಮಾಕ್ಕೆ ತಾಗುವಷ್ಟು ಹತ್ತಿರ ತಂದರು.

"ಇವು ಸಮುದ್ರದವು ಅಕ್ಕಾರ. ಉಪ್ಪನೀರು ಬೇಕು."

"ಉಪ್ಪು ಹಾಕೂಣಲ್ರಿ ಮತ್ತ. ಬ್ಯಾಡಗ್ಯಾಗ ಉಪ್ಪು ಸಿಗೂದಿಲ್ಲೇನು?"

"ಉಪ್ಪಿನಕಾಯಿ ಹಾಕೂದಲ್ರಿ ಇದು!" ಎಂದು ಮುಖ ಕೆಂಪು ಮಾಡಿಕೊಂಡರು. ಆಮೇಲೆ ಮೆತ್ತಗಾಗಿ, "ಹನ್ನೆರಡ ವರ್ಷ ಆತು ನಾ ಈ ಅಂಗಡಿ ತಗದು. ಒಬ್ಬರರ ಬಂದು ಸಮುದ್ರದ ಮೀನ ಕೇಳ್ತಾರ ಅಂತ ಕಾಯ್ಕೋತ ಕುಂತೇನಿ. ನೀವ ಮೊದ್ಲನೇದವ್ರು" ಎಂದರು. ಬೆಂಗಳೂರಿನಿಂದ ತರಿಸಿ ಇಟ್ಟಿದ್ದ ಸಮುದ್ರದ ಉಪ್ಪಿನ ಡಬ್ಬಿಯೊಂದನ್ನು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಎಳೆದು ತೋರಿಸಿದರು. ಮೇಲೆ ಧೂಳು ಕೂತಿತ್ತು.

ಅವತ್ತೇ ಅವರು ನನಗೆ ಪಾಠ ಮಾಡಿದ್ದು. ಮೀನು ನೀರಿನಲ್ಲೇ ಉಣ್ಣುತ್ತದೆ, ನೀರಿನಲ್ಲೇ ಹೇಲುತ್ತದೆ. ಆ ಹೊಲಸು ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಆ ವಿಷವನ್ನು ತಿನ್ನುವ ಕಣ್ಣಿಗೆ ಕಾಣದ ಜೀವಗಳು ಮೊದಲು ಕಲ್ಲಿನಲ್ಲಿ, ಮರಳಿನಲ್ಲಿ ಹುಟ್ಟಿಕೊಳ್ಳಬೇಕು. ಅಲ್ಲಿಯವರೆಗೆ ಮೀನು ಬಿಡುವ ಹಾಗಿಲ್ಲ.

"ಹಾಲಿಗೆ ಹೆಪ್ಪ ಹಾಕೀರಿ ಅಂತ ತಿಳೀರಿ. ಹಾಕಿದ ಕೂಡ್ಲೆ ಮಸರಾಗ್ತದೇನು? ತಾಸಿಗೊಮ್ಮೆ ಬೆರಳ ಅದ್ದಿ ನೋಡಿದ್ರ ಕೆಡ್ತದ. ಹಂಗ ಇದು. ನೀರು ಹೆಪ್ಪಾಗಬೇಕು. ನಲವತ್ತ ದಿನಾ."

"ನಲವತ್ತಾ? ಉದ್ಘಾಟನೆಗೆ ಮೂವತ್ತೊಂದ ದಿನಾ ಉಳದಾವ ಕಾಕಾ. ಪತ್ರಿಕಿ ಅಚ್ಚಾಗ್ಯಾವು. ಅಯ್ಯಾರು ಮುಹೂರ್ತ ಇಟ್ಟಕೊಟ್ಟಾರ."

"ಮೂವತ್ತೊಂದಕ್ಕ ಆದ್ರ ಆತು. ಇಲ್ಲಂದ್ರ ಖಾಲಿ ಟ್ಯಾಂಕಿಗೆ ಪೂಜಿ ಮಾಡ್ರಿ. ಅಯ್ಯಾರ ಮಾತು ಅಂಗಡಿಗೆ, ಮೀನಿಗಲ್ಲ."

ಟ್ಯಾಂಕು ಬ್ಯಾಡಗಿಗೆ ಬಂತು. ಕಾಕಾ ಉಪ್ಪನ್ನು ತೂಗಿ ಕಲಸಿ, ಕೊಳವೆಯಂಥ ಒಂದು ಮಾಪಕ ತೇಲಿಬಿಟ್ಟು, ಗೆರೆ ಸರಿಬರುವವರೆಗೆ ಒಂದಿಡೀ ದಿನ ಉಣ್ಣದೆ ಕೂತರು. ಒಳಗೆ ಬರೀ ತೂತುತೂತಿನ ಕಲ್ಲು, ಮರಳು, ನೀರು. ಬಡಗಿಯವರು, ಪೇಂಟರುಗಳು ಬಂದು ನೋಡಿ, "ಮೀನ ಎಲ್ಲಿ ಅಡಗ್ಯಾವ್ರಿ?" ಎಂದು ಬಗ್ಗಿ ಹುಡುಕುವರು. ಕಾಕಾ ಗಂಭೀರವಾಗಿ "ಇನ್ನೂ ಹುಟ್ಟಬೇಕು" ಎನ್ನುವರು.

ನಾಲ್ಕನೆಯ ದಿನ ಅಂಗಡಿಯಲ್ಲಿ ಸತ್ತ ವಾಸನೆ. ಇಲಿ ಸತ್ತಿದೆ ಎಂದು ನಮ್ಮತ್ತೆ ಕಪಾಟು ಸರಿಸಿ ಸರಿಸಿ ನೋಡಿದರು. ನಮ್ಮ ಅತ್ತೆ ಅಂದರೆ ದಿನಾ ಲಿಂಗಪೂಜೆ ಆಗದೆ ನೀರು ಮುಟ್ಟದವರು. ತತ್ತಿ ಕಂಡರೂ ಸೆರಗು ಮೂಗಿಗೆ. ವಾಸನೆ ಹಿಡಿಯುತ್ತ ಹಿಡಿಯುತ್ತ ಟ್ಯಾಂಕಿನ ಬಳಿ ಬಂದು ನಿಂತರು. ಕಲ್ಲಿನ ಸಂದಿಯಲ್ಲಿ ತೆಳು ಬಟ್ಟೆಯ ಗಂಟು. ಅದರಲ್ಲಿ ಕೊಳೆಯುತ್ತಿದ್ದದ್ದು ಒಂದು ಸಿಗಡಿ.

"ಖಾಜಾಸಾಬ! ಲಕ್ಷ್ಮೀ ಬರೂ ಜಾಗಾದಾಗ ಏನ ಇಟ್ಟೀಯೋ!"

ಕಾಕಾ ಕೈಮುಗಿದು ನಿಂತರು. "ತಪ್ಪಾತ ಅವ್ವಾರ. ಏನರ ಒಂದು ಕೊಳಿಬೇಕಿತ್ರಿ. ಕೊಳೀದ ಇದ್ರ ಅಮೋನಿಯಾ ಹುಟ್ಟೂದಿಲ್ಲ, ಅಮೋನಿಯಾ ಹುಟ್ಟದ ಇದ್ರ ಅದನ್ನ ತಿನ್ನೂ ಜೀವಾ ಹುಟ್ಟೂದಿಲ್ಲ."

"ಹಂಗಾರ ಬದನಿಕಾಯಿ ಕೊಳಸು! ಸೌತಿಕಾಯಿ ಕೊಳಸು!"

"ಅವು ಲಿಂಗವಂತರ ಕಾಯಿಪಲ್ಯೆ ಅವ್ವಾರ, ಹೊಲಸ ಮಾಡೂದಿಲ್ಲ" ಎಂದುಬಿಟ್ಟರು ಕಾಕಾ. ಅತ್ತೆ ಬೈಯುತ್ತಿದ್ದವರು ನಕ್ಕುಬಿಟ್ಟರು. ಅಷ್ಟರಲ್ಲಿ ಸಿಗಡಿ ತನ್ನ ಕೆಲಸ ಮುಗಿಸಿತ್ತು. ಗಂಟು ತೆಗೆದು ಒಯ್ದರು.

ಆಮೇಲೆ ದಿನ ಬಿಟ್ಟು ದಿನ ಪರೀಕ್ಷೆ. ಕಾಕಾ ರಾಣೆಬೆನ್ನೂರಿನಿಂದ ಬಸ್ಸಿಗೆ ಬರುವರು, ನಾನು ಹಾವೇರಿಯಿಂದ. ಬೆರಳುದ್ದದ ಗಾಜಿನ ನಳಿಕೆಗೆ ಟ್ಯಾಂಕಿನ ನೀರು, ಅದಕ್ಕೆ ಎರಡು ಬಾಟಲಿಯಿಂದ ಎಣಿಸಿ ಹನಿ ಹಾಕಿ ಅಲುಗಾಡಿಸಿ ಐದು ನಿಮಿಷ ಇಟ್ಟರೆ ಬಣ್ಣ ಬರುತ್ತದೆ. ಒಂದು ಕಾರ್ಡಿನ ಮೇಲೆ ಮೇಲಿಂದ ಕೆಳಗೆ ಬಣ್ಣದ ಮನೆಗಳು. ಮೊದಲ ಮನೆ ಶುದ್ಧ ಹಳದಿ: ಅಮೋನಿಯಾ ಇಲ್ಲ, ಮೀನು ಬಿಡಬಹುದು. ಕೆಳಗಿಳಿದಂತೆ ಹಸಿರು, ಹಸಿರು ಗಾಢವಾದಷ್ಟೂ ವಿಷ.

"ಹೇಳ್ರಿ ನೋಡೂನು, ಯಾ ಬಣ್ಣ?" ಎಂದು ನಳಿಕೆಯನ್ನು ನನ್ನ ಮುಂದೆ ಹಿಡಿಯುತ್ತಿದ್ದರು, ಶಾಲೆ ಮಾಸ್ತರರ ಹಾಗೆ.

"ಹಸಿಮೆಣಸಿನಕಾಯಿ ಹಸರು. ಕೆಳಗಿಂದ ಎರಡನೇ ಮನಿ."

"ಶಾಬಾಸ್. ನಿಮ್ಮಂಥಾ ಕಣ್ಣು ನಮ್ಮ ಬೀಜದ ಕಂಪನ್ಯಾಗ ಒಬ್ಬರಿಗೂ ಇರಲಿಲ್ಲ."

ಹೊಗಳಿಕೆಗೆ ನಾನು ಉಬ್ಬುತ್ತಿದ್ದೆ. ನನಗೆ ಪರೀಕ್ಷೆ ಇಡುತ್ತಿದ್ದಾರೆ ಎಂದೇ ತಿಳಿದಿದ್ದೆ. ಹನ್ನೆರಡನೆಯ ದಿನವೋ ಏನೋ, ತಮಾಷೆಗೆ "ಇವತ್ತ ನೀವ ಹೇಳ್ರಿ" ಎಂದೆ. ಅವರು ನಳಿಕೆಯನ್ನು ಕಿಟಕಿಗೆ ಹಿಡಿದರು, ತಿರುಗಿಸಿದರು, ಚಷ್ಮಾ ಮೇಲೆ ಸರಿಸಿದರು. ಕೈ ಇಳಿಸಿ ಕುರ್ಚಿಯಲ್ಲಿ ಕೂತರು.

"ಕಾಣವಲ್ದ್ರಿ ಅಕ್ಕಾರ. ಹಳದಿನೂ ಅಷ್ಟ, ಹಸರೂ ಅಷ್ಟ. ಸಕ್ಕರಿ ರೋಗ ಕಣ್ಣಿಗೆ ಇಳದೈತಿ. ಹುಬ್ಬಳ್ಳಿ ಡಾಕ್ಟರ್ ಕಣ್ಣಿನ ಹಿಂದ ರಕ್ತ ಸೋರಾಕತ್ತೈತಿ ಅಂದ್ರು. ಎರಡ ಸಲ ಲೇಸರ್ ಹಚ್ಚಿದ್ರು. ಒಂದ ದಿನಾ ಏಕದಮ್ ಹೋಗಬಹುದು, ಯಾವತ್ತ ಅಂತ ಹೇಳಾಕ ಬರೂದಿಲ್ಲ ಅಂದ್ರು." ಟ್ಯಾಂಕಿನ ಕಡೆ ತಿರುಗಿ, "ಕೆಂಪ, ಕಿತ್ತಳಿ ಇನ್ನೂ ಚಂದ ಕಾಣ್ತಾವು. ಅದಕ್ಕ ನಿಮ್ಮ ಫೋನಿನ್ಯಾಗ ಆ ಮೀನ ನೋಡಿದಾಗ ನನಗ ಆಸೆ ಆತು. ನಾ ಮಾಡಿದ ನೀರಿನ್ಯಾಗ ಅವು ಓಡ್ಯಾಡೂದು ಒಂದ ಸಲ ನೋಡ್ಬೇಕು. ಒಂದ ವಾರ ಕಣ್ತುಂಬ ನೋಡಿದ್ರ ಸಾಕು, ಆಮ್ಯಾಲ ಹೋದ್ರ ಹೋಗ್ಲಿ" ಎಂದರು.

ಮಗಳಿಗೂ ಪೂರ್ತಿ ಹೇಳಿರಲಿಲ್ಲವಂತೆ. "ನಿಮಗ ಹೇಳೇನಿ. ಇನ್ನ ಮುಂದ ನನ್ನ ಕಣ್ಣು ನೀವ."

ಈ ಮಾತು ಆಡಿದ್ದು ಅಂಗಡಿಯ ನೆಲದ ಮೇಲೆ ಹರಡಿದ ಪೇಂಟಿನ ಡಬ್ಬಿಗಳ ನಡುವೆ. ನಾನು ಹೂಂ ಎಂದಿದ್ದೆ. ಯಾರ ಒತ್ತಾಯವೂ ಇರಲಿಲ್ಲ.

ಹಸಿರು ದಿನದಿಂದ ದಿನಕ್ಕೆ ತಿಳಿಯಾಯಿತು. ಕಲ್ಲಿನ ಮೇಲೆ ಕಂದು ಪಾಚಿ ಬಂತು. ಅತ್ತೆ ಅದನ್ನು ತಿಕ್ಕಿ ತೊಳೆಯಲು ಹೊರಟಾಗ ಕಾಕಾ ಅಡ್ಡ ಮಲಗುವುದೊಂದು ಬಾಕಿ. ಉದ್ಘಾಟನೆಗೆ ಮೂರು ದಿನ ಇದೆ ಎನ್ನುವಾಗ ಕೊನೆಯ ಪರೀಕ್ಷೆ. ಅವತ್ತು ಫೋನ್ ಮಾಡಿದರೆ ಮಾತ್ರ ಮೀನು ಬೆಂಗಳೂರಿನಿಂದ ರೈಲಿಗೆ ಬಿದ್ದು ಮುಹೂರ್ತಕ್ಕೆ ಮುಟ್ಟುವುದು.

ಬೆಳಿಗ್ಗೆಯೇ ಅತ್ತೆ ಶುರು ಮಾಡಿದ್ದರು. "ಖಾಲಿ ಗಾಜಿನ ಪೆಟಗಿ ಇಟ್ಟು ಪೂಜಿ ಮಾಡ್ತಾರೇನು? ಮಂದಿ ಮನಿಗೆ ಭಾಂಡೆ ತಿರುಗಿ ಕೊಡೂವಾಗೂ ನಾವು ಖಾಲಿ ಕೊಡೂದಿಲ್ಲ, ಒಂದ ಹಿಡಿ ಸಕ್ಕರಿನರ ಹಾಕಿ ಕೊಡ್ತೇವಿ. ಹೊಸಾ ಅಂಗಡ್ಯಾಗ ಎದ್ರಿಗೇ ಖಾಲಿ ಪೆಟಗಿ! ನಾಕ ಮಂದಿ ಏನಂದಾರು?" ಗಂಡ ಎಂದಿನಂತೆ ಪೇಪರಿನ ಹಿಂದಿನಿಂದ "ನೀವ ನೋಡ್ರಿ" ಎಂದರು. ಆಮಂತ್ರಣ ಪತ್ರಿಕೆಯ ಮೂಲೆಯಲ್ಲಿ ಆ ಮೀನಿನ ಚಿತ್ರ ಹಾಕಿಸಿದವಳು ನಾನೇ. ಸಮುದ್ರದ ಮೀನು ನೋಡಬನ್ನಿ ಎಂದು ವಾಟ್ಸಾಪಿನಲ್ಲಿ ಊರಿಗೆಲ್ಲ ಕಳಿಸಿದವಳೂ ನಾನೇ.

ಕಾಕಾ ಹನಿ ಹಾಕಿದರು, ಅಲುಗಾಡಿಸಿದರು. ಐದು ನಿಮಿಷ ಗಡಿಯಾರ ನೋಡುತ್ತ ಕೂತೆವು. ಕಾರ್ಡಿನ ಪಕ್ಕ ನಳಿಕೆ ಹಿಡಿದರು.

"ಹೇಳ್ರಿ."

ಅದು ಹಳದಿಯಾಗಿರಲಿಲ್ಲ. ಹಳದಿಯೊಳಗೆ ಹಸಿರು ಇಳಿದಿತ್ತು, ಮೇಲಿಂದ ಹೆಚ್ಚುಕಡಿಮೆ ಎರಡನೆಯ ಮನೆ. ಬೇರೆ ಯಾರಿಗಾದರೂ ಹಳದಿಯೇ ಎನಿಸಬಹುದಿತ್ತು. ನನಗೆ ಎನಿಸಲು ಸಾಧ್ಯವಿರಲಿಲ್ಲ. ಆ ಎರಡು ಬಣ್ಣದ ಬಟ್ಟೆಯನ್ನು ಒಂದೇ ಎಂದು ಕೊಟ್ಟರೆ ಗಿರಾಕಿ ನನ್ನ ಮುಖಕ್ಕೆ ಎಸೆದು ಹೋಗುತ್ತಾಳೆ.

"ಹಳದಿ" ಎಂದೆ.

"ಖರೇ?"

"ಖರೇನ ಕಾಕಾ. ನಿಂಬಿ ಹಳದಿ."

ಅವರ ಮುಖ ಅರಳಿದ್ದನ್ನು ನೋಡಿ, ಇವರ ಕಣ್ಣಿಗಾಗಿಯೇ ಹೇಳಿದೆ, ತಡವಾದರೆ ಇವರಿಗೆ ನೋಡಲು ಸಿಗದೆ ಹೋದೀತು ಎಂದು ನನಗೆ ನಾನೇ ಹೇಳಿಕೊಂಡೆ. ಬಹಳ ದಿನ ಹಾಗೇ ಹೇಳಿಕೊಂಡೆ. ಸುಳ್ಳು. ನಾನು ಹೇಳಿದ್ದು ಅಂಗಡಿಗಾಗಿ, ಆ ಪತ್ರಿಕೆಯ ಚಿತ್ರಕ್ಕಾಗಿ.

ಮೀನು ಬಂದವು, ಎರಡು. ಕಾಕಾ ಸ್ಟೇಷನ್ನಿಗೆ ತಾವೇ ಹೋಗಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ನಿಂತೇ ತಂದರಂತೆ. ಬಿಡುವ ಮೊದಲು ಮತ್ತೊಮ್ಮೆ ನಳಿಕೆ ಹಿಡಿದರು. ಮತ್ತೆ ಹಳದಿ ಎಂದೆ. ಎರಡನೆಯ ಸಲ ಸರಳವಾಗಿ ಬಂತು. ತಾಸುಗಟ್ಟಲೆ ಹನಿ ಹನಿಯಾಗಿ ಟ್ಯಾಂಕಿನ ನೀರನ್ನು ಅವುಗಳ ಚೀಲಕ್ಕೆ ಬಿಟ್ಟು ರೂಢಿ ಮಾಡಿಸಿ, "ಬಿಸ್ಮಿಲ್ಲಾ, ಬರ್ರಿ, ನಿಮ್ಮ ಮನಿ" ಎಂದು ಒಳಗೆ ಬಿಟ್ಟರು.

ಉದ್ಘಾಟನೆಗೆ ಜನ ಕಿಕ್ಕಿರಿದರು. ಸೀರೆಗಿಂತ ಮೀನಿನ ಮುಂದೆಯೇ ಗದ್ದಲ. ಕಾಕಾ ಟ್ಯಾಂಕಿನ ಪಕ್ಕ ಸ್ಟೂಲ್ ಹಾಕಿಕೊಂಡು ಹೊಸ ಅಂಗಿಯಲ್ಲಿ ಕೂತಿದ್ದರು, ಮದುಮಗಳ ಅಪ್ಪನ ಹಾಗೆ. ಸಂಜೆಯ ಹೊತ್ತಿಗೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಕಾಕಾರ ಕಣ್ಣಿಗೆ ಕಂಡದ್ದು ಎರಡು ಕಿತ್ತಳೆ ಗೆರೆ ಮಾತ್ರ.

"ನೋಡ್ರಿ ಅಕ್ಕಾರ, ಮ್ಯಾಲ ಬಂದು ನನ್ನ ಮಾತಾಡಸಾಕತ್ತಾವು!"

ಅವುಗಳ ಕಿವಿರು ಕೆಂಪಾಗಿತ್ತು. ಉಸಿರಿಗಾಗಿ ಒದ್ದಾಡುತ್ತಿದ್ದವು. ನನಗೆ ಕಾಣುತ್ತಿತ್ತು. "ಹೌದ್ರಿ ಕಾಕಾ" ಎಂದು ಹೇಳಿ, ಗಿರಾಕಿಗೆ ಸೀರೆ ಬಿಡಿಸಲು ಹೋದೆ.

ಮರುದಿನ ಒಂದು ಸತ್ತಿತು, ಅದರ ಮರುದಿನ ಇನ್ನೊಂದು. ಎರಡನೆಯದನ್ನು ಕಾಕಾ ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದರು. ಒಣಗುತ್ತ ಹೋದಂತೆ ಅದರ ಬಣ್ಣ ಮಂಕಾಯಿತು. ಅಳಲಿಲ್ಲ. ಕೇಳಿದ್ದು ಒಂದೇ ಮಾತು: "ನೀರ ಹಳದಿ ಇತ್ತಲ್ರಿ?"

"ಇತ್ತು" ಎಂದೆ.

ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಏನಾಗುತ್ತಿತ್ತು ಎಂದು ಈಗ ನನಗೆ ಗೊತ್ತು, ಆಗ ಗೊತ್ತಿರಲಿಲ್ಲ. ಪರೀಕ್ಷೆ ಎಂದರೆ ಅವರಿಗೆ ವೇದವಾಕ್ಯ. ನೀರು ಹಳದಿ ಇದ್ದೂ ಮೀನು ಸತ್ತಿವೆ ಎಂದರೆ ವಿಷ ಬೇರೆ ಎಲ್ಲೋ ಇದೆ ಎಂದು ಹುಡುಕಲು ಕೂತರು. ವಾರವಿಡೀ ಅಂಗಡಿ, ಓಣಿ ಮೂಸುತ್ತ ತಿರುಗಿದರು. ಕೊನೆಗೆ ಬ್ಯಾಡಗಿಯ ಗಾಳಿಯನ್ನೇ ಹಿಡಿದರು. ಸುಗ್ಗಿ ಕಾಲ, ಮೆಣಸಿನಕಾಯಿ ಚೀಲ ಹೊತ್ತ ಗಾಡಿ ಹಾಯ್ದಾಗಲೆಲ್ಲ ಓಣಿಗೆ ಓಣಿಯೇ ಕೆಮ್ಮುತ್ತಿತ್ತು.

"ಘಾಟು ಅಕ್ಕಾರ! ನಮ್ಮ ಗಾಳಿ ಪಂಪು ಈ ಘಾಟನ್ನ ಜಗ್ಗಿ ನೀರಿಗೆ ಬಿಟ್ಟೈತಿ. ನಾವು ಸೀನಿದ್ರ ಹೋಗ್ತದ, ಅವು ಪಾಪ ಎಲ್ಲಿ ಸೀನ್ಬೇಕು? ಕಲ್ಲಿನ್ಯಾಗ, ಮರಳಿನ್ಯಾಗ ಎಲ್ಲಾದ್ರಾಗೂ ಹೊಕ್ಕೈತಿ. ಪೂರಾ ತಗೀಬೇಕು."

ನೀರನ್ನೆಲ್ಲ ಚೆಲ್ಲಿದರು. ಕಲ್ಲುಗಳನ್ನು ಒಂದೊಂದಾಗಿ ಬ್ರಷ್ ಹಚ್ಚಿ ಸಿಹಿನೀರಿನಲ್ಲಿ ತೊಳೆದು ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿದರು. ಒಂದು ತಿಂಗಳು ಕಾದು ಹುಟ್ಟಿಸಿದ ಆ ಕಾಣದ ಜೀವಗಳನ್ನು ತಮ್ಮ ಕೈಯಾರೆ ಒಣಗಿಸಿದರು. ನಾನು ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಮೆಟ್ಟಿಲು ಕಾಣದೆ ಎರಡು ಸಲ ಎಡವಿದರು, ನಾನು ತೋಳು ಹಿಡಿದೆ. "ಅಲ್ಲಾ ನಿಮ್ಮನ್ನ ಚಂದಾಗಿ ಇಟ್ಟಿರ್ಲಿ ತಂಗೀ" ಎಂದರು. ಅವತ್ತಿನವರೆಗೆ ಅಕ್ಕಾರ ಎನ್ನುತ್ತಿದ್ದವರು.

ಮತ್ತೆ ಉಪ್ಪು, ಮತ್ತೆ ಸಿಗಡಿ. ಪಂಪಿಗೆ ಒದ್ದೆ ಬಟ್ಟೆ ಸುತ್ತಿದರು. ಈ ಸಲ ನಾನು ಪ್ರತಿ ಬಣ್ಣವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ನಲವತ್ತು ದಿನ ತುಂಬಲಿ, ಮೀನು ಬರಲಿ, ಕಾಕಾ ನೋಡಲಿ, ನನ್ನ ಸುಳ್ಳು ಯಾರಿಗೂ ತಿಳಿಯದೆ ಮುಗಿದುಹೋಗಲಿ ಎಂದು ದೇವರಿಗೆ ಹರಕೆ ಹೊತ್ತೆ.

ಇಪ್ಪತ್ತನೆಯ ದಿನಕ್ಕೆ ಅವರು ಬರಲಿಲ್ಲ. ಮಗಳು ಶಬಾನಾ ಫೋನ್ ಮಾಡಿದಳು. ಬೆಳಿಗ್ಗೆ ನಮಾಜಿಗೆ ಎದ್ದವರು, "ಲೈಟ್ ಹಚ್ಚವಾ" ಎಂದರಂತೆ. ಲೈಟು ಉರಿಯುತ್ತಲೇ ಇತ್ತು. ಹುಬ್ಬಳ್ಳಿಗೆ ಒಯ್ದರು. ಎರಡೂ ಕಣ್ಣಿನಲ್ಲಿ ರಕ್ತ ತುಂಬಿತ್ತು. ಆಪರೇಷನ್ ಆಯಿತು, ಬೆಳಕು ಬರಲಿಲ್ಲ.

ಉಳಿದ ದಿನ ಪರೀಕ್ಷೆಯನ್ನು ನಾನೊಬ್ಬಳೇ ಮಾಡಿದೆ. ನಲವತ್ತೊಂದನೆಯ ದಿನ ನಳಿಕೆಯಲ್ಲಿ ಬಂದ ಹಳದಿಗೆ ಚೂರೂ ಕಲೆ ಇರಲಿಲ್ಲ. ನಾನು ಕಾರ್ಡು, ನಳಿಕೆ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ರಾಣೆಬೆನ್ನೂರಿಗೆ ಹೋದೆ. ಕುರುಡರಿಗೆ ಬಣ್ಣ ತೋರಿಸಲು.

ಅದೇ ಕೊನೆ, ಆಮೇಲೆ ನಾನವರನ್ನು ನೋಡಲಿಲ್ಲ. ಶಬಾನಾ ಅಂಗಡಿ ಮುಚ್ಚಿಸಿ ತನ್ನ ಗಂಡನ ಊರಿಗೆ ಕರೆದೊಯ್ದಳು. ವರ್ಷ ತುಂಬುವುದರೊಳಗೆ ತೀರಿಕೊಂಡರಂತೆ. ಪಕ್ಕದ ಅಂಗಡಿಯ ಟೇಲರನಿಗೆ ಸುದ್ದಿ ಬಂದಿತ್ತು, ನನಗೆ ಯಾರೂ ಹೇಳಿ ಕಳಿಸಲಿಲ್ಲ.

ನಾನು ನಳಿಕೆ ಒಯ್ದ ಆ ದಿನ ಅವರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಚಷ್ಮಾ ಇರಲಿಲ್ಲ. ನನ್ನ ದನಿ ಕೇಳಿ ನೆಟ್ಟಗಾದರು.

"ಬರ್ರಿ ತಂಗೀ. ನೀರ ಏನಂತೈತಿ?"

"ಹಳದಿ ಕಾಕಾ. ಮೊದ್ಲನೇ ಮನಿ."

"ಖರೇ?"

ಅದೇ ಮಾತನ್ನು ಅದೇ ನಂಬಿಕೆಯಿಂದ ಕೇಳಿದರು. ನನ್ನಿಂದ ಆಗಲಿಲ್ಲ. ನೆಲದ ಮೇಲೆ ಕೂತೆ. ಎಲ್ಲ ಹೇಳಿದೆ. ಪತ್ರಿಕೆ, ಅತ್ತೆ, ಮುಹೂರ್ತ, ಎರಡನೆಯ ಮನೆ, ಮೀನು ಬಾಯಿ ತೆರೆದು ಒದ್ದಾಡಿದ್ದು, ಬಕೆಟ್ಟು ಹಿಡಿದು ಸುಮ್ಮನೆ ನಿಂತದ್ದು.

ಒಳಗೆ ಶಬಾನಾ ಸ್ಟೋವಿನ ಮೇಲೆ ಚಹಾ ಇಟ್ಟಿದ್ದಳು. ಅದು ಕುದಿಯುತ್ತಿತ್ತು.

"ಎರಡನೇ ಮನಿ" ಎಂದರು ಕಾಕಾ. "ಪೂರಾ ಎರಡನೇ ಮನೀನೋ, ಮೊದ್ಲನೇದಕ್ಕೂ ಎರಡನೇದಕ್ಕೂ ನಡುವೋ?"

"ನಡುವ. ಎರಡನೇದರ ಕಡೆ ಒಂದೀಟ ಜಾಸ್ತಿ."

ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಾಡಿತು, ಮೊಳಕೆ ಎಣಿಸಿದ ಹಾಗೆ.

"ಆರ ದಿನಾ" ಎಂದರು. "ಆರ ದಿನಾ ತಡದಿದ್ರ ಸಾಕಿತ್ತು. ನಿಮ್ಮ ಪೂಜಿ ಆಗಿ ಮೂರ ದಿನಕ್ಕ ಮೀನ ಬಿಡಬಹುದಿತ್ತು. ಅದರ ಮ್ಯಾಲ ಇಪ್ಪತ್ತ ದಿನಕ್ಕಿಂತ ಹೆಚ್ಚಿಗಿ ನನಗ ಕಣ್ಣ ಇದ್ವು."

ಬೈಯಲಿಲ್ಲ. ಬೈದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ, ಅವರು ಎಬ್ಬಿಸುತ್ತಿದ್ದರು, ಎಲ್ಲೋ ಒಂದು ಕಡೆ ಮುಗಿಯುತ್ತಿತ್ತು. ನಾನೇ ಬಡಬಡಿಸಿದೆ.

"ಕಾಕಾ, ನೀರ ಈಗ ಖರೇನ ತಯಾರೈತಿ. ನಾಳೆನ ಮೀನ ತರಸ್ತೇನಿ. ಕಾರ್ ಕಳಸ್ತೇನಿ, ನೀವು ಬಂದು ಟ್ಯಾಂಕಿನ ಬಾಜೂ ಕುಂದರ್ರಿ. ನಾ ನಿಮ್ಮ ಹತ್ರ ಕುಂತು ಎಲ್ಲಾ ಹೇಳ್ತೇನಿ. ಎಲ್ಲಿ ಹೊಂಟಾವು, ಹ್ಯಾಂಗ ಹೊಳ್ಳತಾವು, ಯಾ ಬಣ್ಣ, ಎಲ್ಲಾ."

ಅವರು ದನಿಯ ಕಡೆಗೆ ಮುಖ ತಿರುಗಿಸಿದರು. ಸ್ವಲ್ಪ ಪಕ್ಕಕ್ಕೆ, ನಾನು ಇಲ್ಲದ ಕಡೆಗೆ ನೋಡುತ್ತಿದ್ದರು.

"ಅವು ಸತ್ತು ತೇಲಿದ್ರೂ ಓಡ್ಯಾಡಾಕತ್ತಾವು ಅಂತೀರಿ ಅಕ್ಕಾರ, ನೀವು."

ಇಲ್ಲ ಕಾಕಾ, ಇನ್ನು ಮೇಲೆ ಖರೇನೇ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಅದನ್ನೂ ಅವರು ನನ್ನ ಬಾಯಿಂದಲೇ ಕೇಳಿ ನಂಬಬೇಕಿತ್ತು. ಎದ್ದು ಬಂದೆ.